ಆಟಿಯಲ್ಲಿ ಅಂಗಡಿ ಮುಚ್ಚಿ ಕಲಿಯಲು ಹೋದದ್ದು

ಹೋದ ವರ್ಷ ಬೇಸಿಗೆಯಲ್ಲಿ ಭಟ್ರ ಮನೆಯ ಅಜ್ಜಿ ಬದಿಯಡ್ಕದ ನಮ್ಮ ಚಿನ್ನದ ಕೆಲಸದ ಅಂಗಡಿಗೆ ಬಂದರು. ಸೊಂಟದಲ್ಲಿ ಸಿಕ್ಕಿಸಿದ್ದ ಬಟ್ಟೆಯ ಗಂಟು ಬಿಚ್ಚಿ ಒಂದು ಜೊತೆ ಬೆಂಡೋಲೆ ಮೇಜಿನ ಮೇಲಿಟ್ಟರು. ಅವರ ಅಜ್ಜಿಯ ಕಾಲದ್ದಂತೆ. ನಡುವೆ ಕೆಂಪು ಹರಳು, ಸುತ್ತ ಹೂವಿನ ಎಸಳು, ಎಸಳಿನ ಅಂಚಿಗೆ ಸಾಸಿವೆಗಿಂತಲೂ ಸಣ್ಣ ಚಿನ್ನದ ರವೆಗಳ ಎರಡು ಸಾಲು. ಒಂದು ಓಲೆಯಲ್ಲಿ ಹನ್ನೊಂದು ರವೆ ಉದುರಿ ಹೋಗಿದ್ದವು.

"ನಿನ್ನ ಅಪ್ಪ ಇದ್ದಿದ್ದರೆ ಕೂತಲ್ಲೇ ಸರಿ ಮಾಡಿ ಕೊಡ್ತಿದ್ದರು ಮಗಾ. ನೀನೂ ಮಾಡ್ತಿ, ನಂಗೆ ಗೊತ್ತುಂಟು" ಎಂದರು.

ಆಗಲಿ ಅಮ್ಮ ಎಂದು ತೆಗೆದಿಟ್ಟುಕೊಂಡೆ. ಅಪ್ಪನ ಪಕ್ಕದಲ್ಲಿ ಕೂತು ಕೆಲಸಕ್ಕೆ ಕೈ ಹಾಕಿ ಇಪ್ಪತ್ತನಾಲ್ಕು ವರ್ಷ ಆಯಿತು. ಕರಿಮಣಿ, ಪವನ್ ಸರ, ಬಳೆ, ಉಂಗುರ, ದೈವಕ್ಕೆ ಹರಕೆಯ ಬೆಳ್ಳಿ ಸಾಮಾನು, ಎಲ್ಲ ಮಾಡುತ್ತೇನೆ. ಸಂಜೆ ಅಂಗಡಿ ಖಾಲಿಯಾದ ಮೇಲೆ ಲೂಪ್ (ಕಣ್ಣಿಗೆ ಹಿಡಿಯುವ ಭೂತಗನ್ನಡಿ) ಇಟ್ಟು ಆ ಓಲೆ ನೋಡಿದೆ. ನೋಡಿದಷ್ಟು ಹೊತ್ತೂ ಒಂದೇ ವಿಷಯ ತಲೆಯಲ್ಲಿ ತಿರುಗುತ್ತಿತ್ತು. ರವೆಯ ಬುಡದಲ್ಲಿ ಬೆಸುಗೆಯೇ ಕಾಣುತ್ತಿಲ್ಲ. ಪ್ರತಿ ರವೆ ತಗಡನ್ನು ಒಂದೇ ಒಂದು ಬಿಂದುವಿನಲ್ಲಿ ಮುಟ್ಟಿದೆ. ಅದರ ಕೆಳಗೆ ಕೂದಲೆಳೆಯಷ್ಟು ನೆರಳು. ಆ ನೆರಳಿನಿಂದಲೇ ಒಂದೊಂದು ರವೆಯೂ ಬೇರೆ ಬೇರೆ ಎದ್ದು ಕಾಣುತ್ತದೆ.

ನನಗೆ ಗೊತ್ತಿದ್ದ ದಾರಿ ಬೆಸುಗೆ ಪುಡಿ ಮತ್ತು ಬೆಸುಗೆ ಹರಿಯಲು ಹಾಕುವ ಬಿಳಿಗಾರ (ಬೋರಾಕ್ಸ್). ಬೆಳ್ಳಿ ತಗಡಿನ ಮೇಲೆ ನಾಲ್ಕು ರಾತ್ರಿ ಪ್ರಯತ್ನ ಮಾಡಿದೆ. ಬೆಸುಗೆ ಕರಗಿದ ಕೂಡಲೇ ನೀರಿನ ಹಾಗೆ ಓಡಿ ರವೆಗಳ ಸಂದಿಯಲ್ಲಿ ತುಂಬಿಕೊಳ್ಳುತ್ತದೆ. ನೆರಳು ಹೋಗುತ್ತದೆ. ಸಾಲು ಸಾಲಾಗಿ ಉಳಿಯದೆ ಒಂದು ದಪ್ಪ ಗೆರೆಯಾಗುತ್ತದೆ. ಪುಡಿ ಕಡಿಮೆ ಮಾಡಿದರೆ ಅರ್ಧ ರವೆ ನಿಲ್ಲುವುದೇ ಇಲ್ಲ. ಇದು ನನ್ನ ಕೈಯಲ್ಲಿ ಇಲ್ಲದ ಕೆಲಸ ಎಂದು ಒಪ್ಪಿಕೊಳ್ಳಲು ಒಂದು ವಾರ ಬೇಕಾಯಿತು. ಅಪ್ಪ ಇದನ್ನು ಮಾಡುತ್ತಿದ್ದರೋ ಇಲ್ಲವೋ, ನಾನು ಕೂತ ಮೇಲಂತೂ ನಮ್ಮ ಅಂಗಡಿಗೆ ಅಂಥ ಕೆಲಸ ಬರಲಿಲ್ಲ. ಬಾರದ ಕೆಲಸ ಕೈಗೆ ದಾಟಿಯೂ ಬರುವುದಿಲ್ಲ.

ಕಲಿಯಬೇಕು ಎಂದು ನಿರ್ಧಾರ ಮಾಡಿದೆ. ಆದರೆ ಎಲ್ಲಿ, ಯಾರ ಹತ್ತಿರ ಎಂಬುದು ಸುಲಭದ ಪ್ರಶ್ನೆ ಆಗಿರಲಿಲ್ಲ. ಯಾಕೆಂದರೆ ಅದಕ್ಕೂ ಎರಡು ವರ್ಷ ಮೊದಲು ಒಂದು ಕಾರ್ಯಾಗಾರಕ್ಕೆ ಹೋಗಿ ಪೆಟ್ಟು ತಿಂದಿದ್ದೆ.

ಅದು ದೊಡ್ಡ ಊರು, ದೊಡ್ಡ ಕಟ್ಟಡ. ಐದು ದಿನದ ಕೋರ್ಸು. ಹೆಸರಿನಲ್ಲೇ 'ಅಡ್ವಾನ್ಸ್ಡ್' ಎಂದಿತ್ತು. 16,000 ರೂಪಾಯಿ ಕಟ್ಟಿದೆ. ಅಂಗಡಿ ಐದು ದಿನ ಮುಚ್ಚಿದ ನಷ್ಟ, ರೂಮಿನ ಬಾಡಿಗೆ, ಅದೆಲ್ಲ ಬೇರೆ. ಒಟ್ಟು ಹದಿನೆಂಟು ಜನ. ಮೊದಲ ದಿನ ಮಧ್ಯಾಹ್ನದವರೆಗೆ ಗರಗಸದ ಬ್ಲೇಡ್ ಸಿಕ್ಕಿಸುವುದು ಹೇಗೆ ಎಂದು ಹೇಳಿಕೊಟ್ಟರು. ಎರಡನೇ ದಿನ ನನ್ನ ಕೈ ನೋಡಿದ ಮೇಷ್ಟ್ರು, "ನೀವು ಆ ಸಾಲಿನವರಿಗೆ ಸ್ವಲ್ಪ ಹೇಳಿಕೊಡಿ" ಎಂದರು. ಹೇಳಿಕೊಟ್ಟೆ. ಮೂರನೇ ದಿನವೂ ಹೇಳಿಕೊಟ್ಟೆ. ಲೋಹಕ್ಕೆ ಬೆಂಕಿ ಹಿಡಿಯುವ ಟಾರ್ಚ್ ಇದ್ದದ್ದು ಎರಡೇ, ಅದಕ್ಕೆ ಸಾಲು ನಿಲ್ಲಬೇಕು. ಗಡಿಯಾರ ನೋಡಿ ಲೆಕ್ಕ ಇಟ್ಟಿದ್ದೆ. ಐದು ದಿನದಲ್ಲಿ ನನ್ನ ಕೈಗೆ ಬೆಂಕಿ ಸಿಕ್ಕಿದ್ದು ಎರಡು ಗಂಟೆ ನಲವತ್ತು ನಿಮಿಷ. ಮನೆಗೆ ತಂದದ್ದು ಒಂದು ಬೆಳ್ಳಿ ಉಂಗುರ. ಅಂಥ ಉಂಗುರ ನಾನು ಹದಿನೇಳನೇ ವಯಸ್ಸಿನಲ್ಲಿ ಮಾಡಿದ್ದೆ.

ಹೊಸಬರಿಗೆ ಹೇಳಿಕೊಡುವುದರಲ್ಲಿ ನನಗೆ ಬೇಜಾರಿಲ್ಲ. ಅಲ್ಲಿದ್ದ ಹುಡುಗಿಯೊಬ್ಬಳು ಈಗಲೂ ಫೋನ್ ಮಾಡುತ್ತಾಳೆ, ಅವಳ ಕೆಲಸ ನೋಡಿ ಖುಷಿಯಾಗುತ್ತದೆ. ಆದರೆ ನಾನು ದುಡ್ಡು ಕಟ್ಟಿದ್ದು ಕಲಿಯಲು. ವಾಪಸು ಬರುವಾಗ ರೈಲಿನಲ್ಲಿ ಅತ್ತಿದ್ದೆ. ನನ್ನ ಹಾಗೆ ಕೈಯಲ್ಲಿ ಕೆಲಸ ಇದ್ದವರಿಗೆ ಆಗುವ ಕಷ್ಟ ಇದೇ. ಶುರುವಿನವರಿಗೆ ನೂರು ಕಡೆ ತರಗತಿ ಉಂಟು, ನಮಗೆ ಕಡಿಮೆ. ಇದ್ದರೂ ಹೆಸರು ನೋಡಿ ಗೊತ್ತಾಗುವುದಿಲ್ಲ.

ಹಾಗಾಗಿ ಈ ಸಲ ಹುಡುಕುವ ಮೊದಲೇ ಕಾಲ ಗೊತ್ತು ಮಾಡಿಕೊಂಡೆ. ನಮ್ಮ ಕಡೆ ತುಳುವರ ಆಟಿ ತಿಂಗಳಲ್ಲಿ ಮದುವೆ ಇಲ್ಲ. ಮಲಯಾಳದವರಿಗೂ ಅದು ಕರ್ಕಾಟಕ, ಅವರೂ ಮಾಡುವುದಿಲ್ಲ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಮಳೆ ಹೊಡೆಯುತ್ತಿರುತ್ತದೆ, ಅಂಗಡಿಗೆ ಬರುವುದು ತಿರುಪು ಕಳೆದವರು, ಸರದ ಕೊಂಡಿ ತುಂಡಾದವರು ಅಷ್ಟೇ. ಚಿಂಗ ತಿಂಗಳು ಬಂತೆಂದರೆ ಮತ್ತೆ ತಲೆ ಎತ್ತಲು ಪುರುಸೊತ್ತಿಲ್ಲ. ಹೋಗುವುದಾದರೆ ಆಟಿಯಲ್ಲೇ ಹೋಗಬೇಕು. ಕೈಯಲ್ಲಿ ಎರಡೂವರೆ ತಿಂಗಳು ಇತ್ತು.

ಏನೇನು ಉಂಟು ಎಂದು ನೋಡುತ್ತಾ ಹೋದರೆ ಮನಸ್ಸು ಎಲ್ಲ ಕಡೆ ಎಳೆಯುತ್ತದೆ. ಜೈಪುರದಲ್ಲಿ ಮೀನಾಕಾರಿ, ಅಂದರೆ ಲೋಹದ ಮೇಲೆ ಬಣ್ಣ ಸುಟ್ಟು ಕೂರಿಸುವ ಕೆಲಸ, ಕಲಿಸುವವರಿದ್ದಾರೆ. ಅದರ ಮೇಲೆ ನನಗೆ ಚಿಕ್ಕಂದಿನಿಂದ ಆಸೆ. ಒಂದೊಂದು ಬಣ್ಣಕ್ಕೆ ಒಂದೊಂದು ಶಾಖ. ಜಾಸ್ತಿ ಶಾಖ ತಡೆಯುವ ಬಣ್ಣ ಮೊದಲು ಸುಡಬೇಕು, ಕೆಂಪು ಕಟ್ಟಕಡೆಗೆ. ಆ ಕೆಂಪು ನೋಡಿದರೆ ಕಣ್ಣು ಕೀಳಲು ಆಗುವುದಿಲ್ಲ. ಆದರೆ ನನ್ನ ಹತ್ತಿರ ಕುಲುಮೆ ಉಂಟು, ಬಣ್ಣ ಸುಡುವ ಒಲೆ ಇಲ್ಲ. ಬದಿಯಡ್ಕ, ಪೆರ್ಲ, ಮುಳ್ಳೇರಿಯದಲ್ಲಿ ಮೀನಾಕಾರಿ ಕೇಳಿಕೊಂಡು ಬಂದವರು ಈವರೆಗೆ ಒಬ್ಬರೂ ಇಲ್ಲ. ಕಲಿತು ಬಂದು ಮೂರು ತಿಂಗಳು ಮಾಡದೆ ಬಿಟ್ಟ ಕೆಲಸವನ್ನು ಕೈ ಮರೆಯುತ್ತದೆ. ಇದನ್ನು ನಾನು ಖಂಡಿತವಾಗಿ ಹೇಳಬಲ್ಲೆ, ತಂತಿ ಹೆಣೆಯುವ ಕೆಲಸ ಒಂದನ್ನು ಹಾಗೇ ಕಳೆದುಕೊಂಡಿದ್ದೇನೆ. ಜೈಪುರ ಬಿಟ್ಟೆ.

ನಾಗರಕೋವಿಲಿನ ವಡಶೇರಿ ಇನ್ನೊಂದು. ದೇವಸ್ಥಾನದ ಆಭರಣ, ನಾಟ್ಯದವರು ಹಾಕುವ ಕೆಂಪು ಕಲ್ಲಿನ ತಲೆಸಾಮಾನು, ಸೊಂಟಪಟ್ಟಿ, ಎಲ್ಲ ಮಾಡುವ ಊರು. ಆ ಕೆಲಸಕ್ಕೆ ಆ ಊರಿನದ್ದೇ ಎಂದು ಹೇಳುವ ಜಿಐ ಗುರುತೂ ಸಿಕ್ಕಿದೆ. ಕಾಸರಗೋಡಿನಲ್ಲಿ ಬೆಳಕು ಹರಿಯುವ ಮೊದಲು ಪರಶುರಾಮ್ ರೈಲು ಹತ್ತಿದರೆ ರಾತ್ರಿ ನಾಗರಕೋವಿಲ್. ಹೋಗಿ ಬರುವುದು ಸುಲಭ. ಆದರೆ ಕಲ್ಲು ಕೂರಿಸುವುದು ನನಗೆ ಬರುತ್ತದೆ. ಹೋದರೆ ನನ್ನ ಕೈ ಇನ್ನೂ ಸ್ವಲ್ಪ ಚುರುಕಾಗಬಹುದು, ಅಜ್ಜಿಯ ರವೆ ಅಲ್ಲಿ ಸಿಗುವುದಿಲ್ಲ.

ಪಿಎಂ ವಿಶ್ವಕರ್ಮ ಯೋಜನೆಯ ತರಬೇತಿಯನ್ನೂ ವಿಚಾರಿಸಿದೆ. 2023ರ ಸೆಪ್ಟೆಂಬರ್ 17ರಂದು ಶುರುವಾದದ್ದು. ಅಕ್ಕಸಾಲಿಗರು ಸೇರಿ 18 ಕಸುಬಿನವರಿಗೆ ಉಂಟು. ತರಬೇತಿಯ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆ ತೆಗೆದುಕೊಳ್ಳಲು 15,000 ರೂಪಾಯಿ, ಆಮೇಲೆ ಕಡಿಮೆ ಬಡ್ಡಿಯ ಸಾಲ. ಈಗಷ್ಟೇ ಕಸುಬಿಗೆ ಇಳಿದವರು ಇದನ್ನು ಬಿಡಲೇಬಾರದು. ನನ್ನ ಚಿಕ್ಕಪ್ಪನ ಮಗನಿಗೆ ನಾನೇ ಅರ್ಜಿ ಹಾಕಿಸಿದೆ. ಆದರೆ ನನಗೆ ಬೇಕಾದದ್ದು ಒಂದೇ ಒಂದು ಸಂಗತಿ, ಅದೂ ಬಹಳ ಸಣ್ಣದು. ಅರ್ಧ ಮಿಲಿಮೀಟರಿನ ರವೆ.

ಇಷ್ಟು ಸಣ್ಣದನ್ನು ಹಿಡಿದುಕೊಂಡು ಹುಡುಕಿದ್ದರಿಂದಲೇ ಕೆಲಸ ಹಗುರವಾಯಿತು. ಐದು ಕಡೆ ಫೋನ್ ಮಾಡಿದೆ. ಭಾಷೆಯ ತೊಂದರೆ ನಮಗೆ ಕಡಿಮೆ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತುಳು, ಆಫೀಸು ಬ್ಯಾಂಕುಗಳಲ್ಲಿ ಮಲಯಾಳ. ಕಸುಬಿನ ಮಾತಂತೂ ಎಲ್ಲ ಕಡೆ ಅರ್ಥವಾಗುತ್ತದೆ. ನಾವು ಬಿಳಿಗಾರ ಎನ್ನುವುದನ್ನು ಮಲಯಾಳದಲ್ಲಿ ಪೊನ್‌ಕಾರಂ, ತಮಿಳಿನಲ್ಲಿ ವೆಂಗಾರಂ, ಹಿಂದಿಯಲ್ಲಿ ಸುಹಾಗಾ ಎನ್ನುತ್ತಾರೆ. ಡಬ್ಬಿಯಲ್ಲಿ ಇರುವುದು ಅದೇ ಬಿಳಿ ಪುಡಿ.

ಮೊದಲನೆಯವರು, "ಮೇಡಂ, ಬನ್ನಿ, ಮೂರು ದಿನದಲ್ಲಿ ಹದಿನೈದು ಟೆಕ್ನಿಕ್ ಹೇಳಿಕೊಡ್ತೇವೆ" ಎಂದರು. ದಿನಕ್ಕೆ ಆರು ಗಂಟೆ ಎಂದರೂ ಒಂದಕ್ಕೆ ಒಂದು ಗಂಟೆ ಹನ್ನೆರಡು ನಿಮಿಷ. ಕರಿಮಣಿಯ ಕೊಂಡಿ ಸರಿಯಾಗಿ ಕೂರಿಸಲು ಅಪ್ಪ ನನಗೆ ಎರಡು ತಿಂಗಳು ಕೊಟ್ಟಿದ್ದರು. ಎರಡನೆಯ ಕಡೆ ಸರ್ಟಿಫಿಕೇಟಿನ ಬಗ್ಗೆಯೇ ಹತ್ತು ನಿಮಿಷ ಮಾತಾಡಿದರು. ಮೂರನೆಯವರ ಹತ್ತಿರ ಯಾವ ಬೆಸುಗೆ ಬಳಸುತ್ತೀರಿ ಎಂದು ಕೇಳಿದೆ. ಕೆಡಿಎಂ ಎಂದರು. ಅಲ್ಲಿಗೇ ಮುಗಿಸಿದೆ. ಕೆಡಿಎಂ ಎಂದರೆ ಕ್ಯಾಡ್ಮಿಯಂ ಸೇರಿಸಿದ ಬೆಸುಗೆ. ಕ್ಯಾಡ್ಮಿಯಂ 767 ಡಿಗ್ರಿಗೆ ಕುದಿದು ಆವಿಯಾಗುತ್ತದೆ, ಬೆಂಕಿ ಹಿಡಿದವರ ಮೂಗಿಗೆ ನೇರ ಹೋಗುತ್ತದೆ. ಶ್ವಾಸಕೋಶ, ಮೂತ್ರಪಿಂಡ ಎರಡಕ್ಕೂ ವಿಷ. ನಮ್ಮ ಬಂಧುಗಳಲ್ಲೇ ಒಬ್ಬರು ಮುಚ್ಚಿದ ಕೋಣೆಯಲ್ಲಿ ಅದನ್ನೇ ಊದಿ ಊದಿ ಎಷ್ಟು ಕಷ್ಟಪಟ್ಟರು ಎಂದು ಕಣ್ಣಾರೆ ನೋಡಿದ್ದೇನೆ. ಕಲಿಸುವ ಜಾಗದಲ್ಲಿ ಹೊಗೆ ಎಲ್ಲಿ ಹೋಗುತ್ತದೆ ಎಂದು ಕೇಳಲು ಯಾರೂ ನಾಚಬೇಡಿ. ಇದು ಮೊದಲು ಕೇಳಬೇಕಾದ ಪ್ರಶ್ನೆ.

ನಾಲ್ಕನೆಯವರು ಒಳ್ಳೆಯವರು. ಆದರೆ ಅವರು ಮಾಡಿ ತೋರಿಸುತ್ತಾರೆ, ನಾವು ನೋಡಬೇಕು. ನೋಡಿ ಬರುವುದಕ್ಕೂ ಬೆಲೆ ಉಂಟು. ಪಯ್ಯನ್ನೂರಿನ ಪಕ್ಕದ ಕುಂಞಿಮಂಗಲದಲ್ಲಿ ಕಂಚಿನ ಎರಕದ ಮೂಶಾರಿಗಳು ಮೇಣದ ಅಚ್ಚು ಮಾಡಿ, ಮಣ್ಣು ಮೆತ್ತಿ, ಮೇಣ ಕರಗಿಸಿ ತೆಗೆದು ಕಂಚು ಹೊಯ್ಯುವುದನ್ನು ಒಂದು ಇಡೀ ದಿನ ಕೂತು ನೋಡಿದ್ದೇನೆ. ಕಣ್ಣು ತುಂಬಿ ಬಂದಿತ್ತು. ಆದರೆ ನೋಡಿದ್ದರಿಂದ ನನ್ನ ಕೈಗೆ ಎರಕ ಬರಲಿಲ್ಲ.

ಐದನೆಯದು ಬೆಂಗಳೂರಿನ ಒಂದು ಮನೆಯ ಮಹಡಿ. ಕಲಿಸುವವರು ನನಗಿಂತ ಹಿರಿಯ ಹೆಂಗಸು. ನಾನು ಪ್ರಶ್ನೆ ಕೇಳುವ ಮೊದಲೇ ಅವರು ಶುರು ಮಾಡಿದರು. ಯಾವ ಬೆಂಕಿ ಬಳಸ್ತೀರಿ? ಊದುಗೊಳವೆ ಅಭ್ಯಾಸ ಉಂಟಾ? ಬರೀ ಬೆಳ್ಳಿಯಾ, ಚಿನ್ನವೂ ಮಾಡ್ತೀರಾ? ಕೊನೆಗೆ, "ನಿಮ್ಮ ಯಾವುದಾದರೂ ಸರದ ಹಿಂಬದಿಯ ಫೋಟೋ ಕಳಿಸಿ. ಮುಂದಿನದು ಬೇಡ" ಎಂದರು. ಹಿಂಬದಿ ಕೇಳಿದರಲ್ಲ, ನನಗೆ ಆಗಲೇ ಅರ್ಧ ಧೈರ್ಯ ಬಂತು. ಒಬ್ಬರ ಕೆಲಸ ಹೇಗೆ ಎಂದು ಹಿಂಬದಿ ಹೇಳುತ್ತದೆ. ನಾನೂ ಅದನ್ನೇ ಕೇಳಿದೆ. ಅವರದ್ದೂ ಬಂತು. ಒಂದು ಬೆಳ್ಳಿ ಪದಕ, ಹಿಂದೆ ಅರ ತಿಕ್ಕಿದ ಗುರುತು ಒಂದೂ ಇಲ್ಲ.

ನಾಲ್ಕು ಜನ, ನಾಲ್ಕು ಟಾರ್ಚ್, ಮೂರು ದಿನ. ಒಂದೇ ವಿದ್ಯೆ. 14,500 ರೂಪಾಯಿ, ಬೆಳ್ಳಿಗೆ ತೂಕದ ಮೇಲೆ ಬೇರೆ. ಕರಗಿ ಹಾಳಾದರೆ ಹಾಳಾದ ಬೆಳ್ಳಿ ವಾಪಸು ಕೊಟ್ಟು ಹೊಸ ತಗಡು ತೆಗೆದುಕೊಳ್ಳಬಹುದು. ಈ ಕೊನೆಯ ಮಾತು ನನಗೆ ಬಹಳ ಮುಖ್ಯ. ಹಾಳು ಮಾಡಲು ಬಿಡದ ಜಾಗದಲ್ಲಿ ಕೈ ಹೆದರುತ್ತದೆ. ಎರಡು ದಿನ ಬಿಟ್ಟು ಅವರಿಂದ ಉತ್ತರ ಬಂತು: ಬನ್ನಿ, ಮೊದಲ ದಿನ ಬೆಳಗಿನ ಪಾಠ ನಿಮಗೆ ಬೇಡ, ಆ ಹೊತ್ತಿಗೆ ಬೇರೆ ಕೆಲಸ ಕೊಡುತ್ತೇನೆ.

ಆಟಿಯ ಎರಡನೇ ವಾರ ಕಾಸರಗೋಡಿನಲ್ಲಿ ಕಣ್ಣೂರು–ಬೆಂಗಳೂರು ರೈಲು ಹತ್ತಿದೆ. ಚೀಲದಲ್ಲಿ ಅಪ್ಪನ ಎರಡು ಚಿಮಟ, ನನ್ನ ಲೂಪ್, ಬೆಂಡೋಲೆಯ ಫೋಟೋಗಳು. ಓಲೆಯನ್ನು ಜೊತೆಗೆ ಒಯ್ಯಲಿಲ್ಲ. ಇನ್ನೊಬ್ಬರ ಚಿನ್ನ ಹಿಡಿದು ರೈಲಿನಲ್ಲಿ ರಾತ್ರಿ ಮಲಗುವುದು ಬೇಡ ಎನಿಸಿತು.

ಮೊದಲ ದಿನ ರವೆ ಮಾಡಿದೆವು. ಕಂಬಚ್ಚಿನಲ್ಲಿ (ತಂತಿ ಎಳೆಯುವ ತೂತಿನ ಪಟ್ಟಿ) ಎಳೆದ ಅಪ್ಪಟ ಬೆಳ್ಳಿಯ ಸಣ್ಣ ತಂತಿ, ಅದನ್ನು ಒಂದೇ ಅಳತೆಗೆ ತುಂಡು ತುಂಡು ಮಾಡುವುದು. ಲೋಹ ಕರಗಿಸುವ ಮೂಸೆಯಲ್ಲಿ ಇದ್ದಿಲ ಪುಡಿ ಒಂದು ಪದರ, ಮೇಲೆ ತುಂಡುಗಳು ಒಂದಕ್ಕೊಂದು ತಾಗದ ಹಾಗೆ, ಮತ್ತೆ ಇದ್ದಿಲ ಪುಡಿ. ಹೀಗೆ ಪದರ ಪದರ ಹಾಕಿ ಚೆನ್ನಾಗಿ ಕಾಯಿಸಿದರೆ ಒಳಗೆ ಪ್ರತಿ ತುಂಡೂ ಕರಗಿ ತಾನೇ ಉಂಡೆಯಾಗುತ್ತದೆ. ತಣಿದ ಮೇಲೆ ನೀರಿಗೆ ಸುರಿದು ಇದ್ದಿಲು ತೇಲಿಸಿ ತೆಗೆದರೆ ತಳದಲ್ಲಿ ರವೆ. ಜರಡಿ ಹಿಡಿದು ಗಾತ್ರ ಬೇರೆ ಮಾಡಬೇಕು. ಒಂದು ದೊಡ್ಡ ರವೆ ಸೇರಿಕೊಂಡರೂ ಸಾಲು ಕುಂಟುತ್ತದೆ.

ಮಧ್ಯಾಹ್ನದ ಮೇಲೆ ಕಲಿಸುವವರು ಒಂದು ಸಣ್ಣ ಶೀಸೆ ತೆಗೆದರು. ಒಳಗೆ ಹಸಿರು ಪುಡಿ, ತಾಮ್ರದ ಕಾರ್ಬೊನೇಟ್. ನನ್ನ ನಾಲ್ಕು ರಾತ್ರಿಯ ಪ್ರಶ್ನೆಗೆ ಉತ್ತರ ಆ ಶೀಸೆಯಲ್ಲಿತ್ತು. ಬೆಳ್ಳಿ ಕರಗುವುದು 961 ಡಿಗ್ರಿಯಲ್ಲಿ, ತಾಮ್ರ 1085ರಲ್ಲಿ. ಆದರೆ 72 ಪಾಲು ಬೆಳ್ಳಿಗೆ 28 ಪಾಲು ತಾಮ್ರ ಸೇರಿದರೆ 779ಕ್ಕೇ ಕರಗುತ್ತದೆ. ಈ ಹಸಿರು ಪುಡಿಯನ್ನು ಅಂಟಿನಲ್ಲಿ ಕಲಸಿ ರವೆ ಕೂರಿಸಿ ಕಾಯಿಸಿದಾಗ ಅಂಟು ಸುಟ್ಟು ಇದ್ದಿಲಾಗುತ್ತದೆ. ಆ ಇದ್ದಿಲು ಪುಡಿಯೊಳಗಿನ ತಾಮ್ರವನ್ನು ಬಿಡಿಸಿ ಲೋಹ ಮಾಡುತ್ತದೆ. ಆ ತಾಮ್ರ, ರವೆ ತಗಡಿಗೆ ತಾಗುವ ಬಿಂದುವಿನಲ್ಲಿ ಬೆಳ್ಳಿಯ ಒಳಗೆ ಇಳಿಯುತ್ತದೆ. ಅಲ್ಲಿ ಮಾತ್ರ ಕರಗುತ್ತದೆ, ಉಳಿದದ್ದು ಗಟ್ಟಿಯಾಗಿಯೇ ಇರುತ್ತದೆ. ಬೇರೆ ಬೆಸುಗೆ ಹಾಕಿಲ್ಲ, ಹಾಗಾಗಿ ಓಡಿ ತುಂಬಿಕೊಳ್ಳಲು ಏನೂ ಇಲ್ಲ. ಚಿನ್ನಕ್ಕೂ ಇದೇ ದಾರಿ. ಸಾವಿರಾರು ವರ್ಷ ಹಿಂದೆ ಇಟಲಿ ಕಡೆಯ ಎಟ್ರುಸ್ಕನ್ ಅಕ್ಕಸಾಲಿಗರು ಧೂಳಿನಷ್ಟು ಸಣ್ಣ ರವೆ ಕೂರಿಸುತ್ತಿದ್ದರಂತೆ. ಅವರು ಹೇಗೆ ಮಾಡುತ್ತಿದ್ದರು ಎಂದು ಯುರೋಪಿನವರು ಎಷ್ಟೋ ಕಾಲ ತಲೆ ಕೆಡಿಸಿಕೊಂಡರು. ಈ ತಾಮ್ರದ ದಾರಿಗೆ 1933ರಲ್ಲಿ ಲಿಟಲ್‌ಡೇಲ್ ಎಂಬ ಇಂಗ್ಲಿಷಿನವರು ಪೇಟೆಂಟ್ ತೆಗೆದುಕೊಂಡರು.

ಅಂಟು ಎಂದಾಗ ನಾನು ಕೈ ಎತ್ತಿದೆ. ಅವರು ಅಂಗಡಿಯಲ್ಲಿ ಸಿಗುವ ಗೋಂದು ಬಳಸುತ್ತಿದ್ದರು. ಅಪ್ಪನ ಪೀಠದ ಮೇಲೆ ಒಂದು ಗೆರಟೆಯಲ್ಲಿ ಯಾವಾಗಲೂ ಗುಲಗಂಜಿ ಇರುತ್ತಿತ್ತು. ಅದು ತೂಕಕ್ಕೆ ಎಂದು ಎಲ್ಲರಿಗೂ ಗೊತ್ತು. ಆದರೆ ಅಪ್ಪ ಅದನ್ನು ಸಿಪ್ಪೆ ತೆಗೆದು ಕಲ್ಲಿನ ಮೇಲೆ ನೀರು ಹಾಕಿ ತೇಯುತ್ತಿದ್ದರು. ಆ ಬಿಳಿ ಗಂಧದಿಂದ ಸಣ್ಣ ಸಣ್ಣ ತುಂಡುಗಳನ್ನು ಅಂಟಿಸಿ, ಒಣಗಿಸಿ, ಆಮೇಲೆ ಬೆಂಕಿ ಹಿಡಿಯುತ್ತಿದ್ದರು. ತೇದ ಮೇಲೆ ಕೈ ತೊಳೆಯದೆ ನನ್ನನ್ನು ಮುಟ್ಟುತ್ತಿರಲಿಲ್ಲ, ಅದು ವಿಷದ ಬೀಜ. ನಾನು ಇದನ್ನು ಹೇಳಿದಾಗ ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟು, "ಪುಸ್ತಕದಲ್ಲಿ ಓದಿದ್ದೆ. ಮಾಡಿದವರನ್ನು ನೋಡಿದವರು ನನಗೆ ಸಿಕ್ಕಿರಲಿಲ್ಲ" ಎಂದರು. ಊರಿಗೆ ಹೋಗಿ ಒಂದು ಹಿಡಿ ಕಳಿಸುತ್ತೇನೆ ಎಂದೆ. ಕಳಿಸಿದೆ ಕೂಡ.

ಎರಡನೇ ದಿನ ಬೆಂಕಿ. ಕಿಟಕಿಗೆ ಕಪ್ಪು ಬಟ್ಟೆ ಇಳಿಬಿಟ್ಟು ಲೈಟು ಆರಿಸಿದರು. ಲೋಹದ ಬಣ್ಣ ಕಾಣಬೇಕಾದರೆ ಕತ್ತಲೆ ಬೇಕು. ನನಗೆ ತಟ್ಟನೆ ನಮ್ಮ ಅಂಗಡಿ ಕಣ್ಣಮುಂದೆ ಬಂತು. ಅಪ್ಪನ ಕುಲುಮೆ ಇದ್ದ ಮೂಲೆಗೆ ಕಿಟಕಿ ಇರಲಿಲ್ಲ. ಹಗಲಲ್ಲೂ ಅಲ್ಲಿ ಮಬ್ಬು. ಅಪ್ಪ ಹೋದ ಮೇಲೆ ಅಂಗಡಿ ರಿಪೇರಿ ಮಾಡಿಸಿದಾಗ ಆ ಮೂಲೆಗೇ ದೊಡ್ಡ ಟ್ಯೂಬ್‌ಲೈಟ್ ಹಾಕಿಸಿದ್ದೆ. ಅಪ್ಪ ಕಣ್ಣು ಹಾಳು ಮಾಡಿಕೊಂಡರು ಎಂದೇ ನಾನು ತಿಳಿದುಕೊಂಡಿದ್ದೆ. ಒಂದು ಕ್ಷಣ ಟಾರ್ಚ್ ಹಚ್ಚಲು ಕೈ ಬರಲಿಲ್ಲ.

ಮೊದಲ ತಗಡಿನಲ್ಲಿ ಅಂಟು ಒಣಗುವ ಮೊದಲೇ ಬೆಂಕಿ ಹಿಡಿದೆ. ಅಂಟು ಕುದಿದು ರವೆಗಳನ್ನು ಹಾರಿಸಿತು. ಎರಡನೆಯದರಲ್ಲಿ ಒಣಗಿಸಿದೆ, ಆದರೆ ಜ್ವಾಲೆಯನ್ನು ರವೆಗಳ ಮೇಲೆಯೇ ಹಿಡಿದೆ. ರವೆ ಮೊದಲು ಕಾದು ತಗಡು ಹಿಂದುಳಿಯಿತು, ಒಂದೂ ಹಿಡಿಯಲಿಲ್ಲ. ಮೂರನೆಯದರಲ್ಲಿ ಕಾದದ್ದು ಜಾಸ್ತಿಯಾಯಿತು. ಬಿಸಿ ಅನ್ನದ ಮೇಲಿಟ್ಟ ಬೆಣ್ಣೆಯ ಹಾಗೆ ರವೆಗಳೆಲ್ಲ ತಗಡಿನೊಳಗೆ ಕುಸಿದವು. ಕಲಿಸುವವರು ಹತ್ತಿರ ಬಂದು ನಿಂತರು, ಏನೂ ಹೇಳಲಿಲ್ಲ, ಹೊಸ ತಗಡು ಮುಂದಿಟ್ಟರು.

ನಾಲ್ಕನೆಯದು ಹೋಯಿತು. ಐದನೆಯದರಲ್ಲಿ ತಗಡನ್ನು ಕೆಳಗಿನಿಂದ, ಬದಿಯಿಂದ, ಸುತ್ತ ತಿರುಗಿಸುತ್ತಾ ನಿಧಾನವಾಗಿ ಕಾಯಿಸಿದೆ. ಅಂಟು ಕಪ್ಪಾಯಿತು. ಕಪ್ಪು ಹೋಯಿತು. ತಗಡು ಮಂದ ಕೆಂಪು, ಆಮೇಲೆ ಕಿತ್ತಳೆಯ ಕಡೆ ತಿರುಗಿತು. "ಈಗ ಕಣ್ಣು ಮುಚ್ಚಬೇಡಿ" ಎಂದರು. ಕಾದ ಕಾವಲಿಯ ಮೇಲೆ ಎಣ್ಣೆ ಹರಡಿದಾಗ ಒಂದು ಹೊಳಪು ಓಡುತ್ತದಲ್ಲ, ಹಾಗೆ ಒಂದು ಹೊಳಪು ತಗಡಿನ ಈ ಅಂಚಿನಿಂದ ಆ ಅಂಚಿಗೆ ಓಡಿತು. ಟಾರ್ಚ್ ಹಿಂದೆ ತೆಗೆದೆ. ಅಷ್ಟೇ. ಅರ್ಧ ಸೆಕೆಂಡು ಇರಬಹುದು. ಆ ಅರ್ಧ ಸೆಕೆಂಡು ಯಾವ ವಿಡಿಯೋದಲ್ಲೂ ಸರಿಯಾಗಿ ಕಾಣುವುದಿಲ್ಲ, ಯಾರೂ ಬಾಯಲ್ಲಿ ಹೇಳಲೂ ಆಗುವುದಿಲ್ಲ. ನಾನು ಬೆಂಗಳೂರಿಗೆ ಹೋದದ್ದು ಅದಕ್ಕೆ. ತಣಿಸಿ, ತೊಳೆದು, ಸೂಜಿಯಿಂದ ಒಂದೊಂದೇ ರವೆ ತಳ್ಳಿ ನೋಡಿದೆ. ಮೂವತ್ತರಲ್ಲಿ ಇಪ್ಪತ್ತೆಂಟು ನಿಂತಿದ್ದವು. ಬುಡದಲ್ಲಿ ನೆರಳು ಇತ್ತು.

ಮೂರು ದಿನಕ್ಕೆ ಒಂಬತ್ತು ತಗಡು. ಒಳ್ಳೆಯದಾದದ್ದು ಎರಡು. ಬೆಂಕಿ ಕೈಯಲ್ಲಿದ್ದ ಹೊತ್ತನ್ನು ಈ ಸಲವೂ ಲೆಕ್ಕ ಇಟ್ಟೆ, ಹನ್ನೊಂದು ಗಂಟೆ ದಾಟಿತ್ತು.

ಕೊನೆಯ ದಿನ ಸಂಜೆ ಬೆಂಡೋಲೆಯ ಫೋಟೋ ತೋರಿಸಿದೆ. ಹನ್ನೊಂದು ರವೆ ಕೂರಿಸಲು ಧೈರ್ಯ ಬಂದಿದೆ ಎಂದೆ. ಅವರು ಫೋಟೋ ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು. "ಇದನ್ನು ಬೆಂಕಿಗೆ ಇಡಬೇಡಿ" ಎಂದರು. ಹಿಂದಿನ ತಿರುಪಿನ ಕಡ್ಡಿ ನೋಡಿ, ಎಸಳಿನ ಕೆಳಗಿನ ಸುತ್ತುಪಟ್ಟಿ ನೋಡಿ. ಅವೆಲ್ಲ ಬೆಸುಗೆಯವು. ಹಳೆಯವರು ಮೊದಲು ರವೆ ಕೂರಿಸಿದ್ದಾರೆ, ಆಮೇಲೆ ಕಡಿಮೆ ಶಾಖದಲ್ಲಿ ಕಡ್ಡಿ ಬೆಸೆದಿದ್ದಾರೆ, ಹರಳು ಎಲ್ಲದರ ಕೊನೆಗೆ. ಈಗ ರವೆ ಹಿಡಿಯುವಷ್ಟು ಕಾಯಿಸಿದರೆ ಮೊದಲು ಬಿಚ್ಚುವುದು ಆ ಬೆಸುಗೆಗಳು. ಹರಳು ತೆಗೆದಿಟ್ಟರೂ ಓಲೆ ಉಳಿಯುವುದಿಲ್ಲ.

ಇಷ್ಟು ವರ್ಷ ಬೆಸುಗೆ ಹಾಕಿದವಳಿಗೆ ಇದು ಹೊಳೆಯಬೇಕಿತ್ತು. ಹನ್ನೊಂದು ರವೆಯ ಗುಂಗಿನಲ್ಲಿ ಓಲೆಯನ್ನೇ ನೋಡಿರಲಿಲ್ಲ. ರಾತ್ರಿ ರೈಲಿನಲ್ಲಿ ನಿದ್ದೆ ಬರಲಿಲ್ಲ. ಆದರೆ ಎರಡು ವರ್ಷ ಹಿಂದಿನ ಆ ಪ್ರಯಾಣದ ಹಾಗೆ ಅಳು ಬರಲಿಲ್ಲ. ಅಜ್ಜಿಗೆ ಏನು ಹೇಳುವುದು ಎಂದು ಮಾತ್ರ ಯೋಚನೆ. ಕೂರಿಸುವುದು ಬರದೆ ಇದ್ದಿದ್ದರೆ, ಆಗುವುದಿಲ್ಲ ಎಂದು ಅಷ್ಟು ಖಚಿತವಾಗಿ ಹೇಳಲೂ ನನಗೆ ಆಗುತ್ತಿರಲಿಲ್ಲ. ಕೈ ಹಾಕಿ ಹಾಳು ಮಾಡುತ್ತಿದ್ದೆನೋ ಏನೋ.

ಊರಿಗೆ ಬಂದು ಮಾರನೇ ದಿನವೇ ಮಳೆಯಲ್ಲಿ ಭಟ್ರ ಮನೆಗೆ ಹೋದೆ. ಜಗುಲಿಯಲ್ಲಿ ಕೂತು ಎರಡು ಬೆಳ್ಳಿ ತಗಡು ತೋರಿಸಿದೆ, ಓಲೆಯ ಹಿಂಬದಿ ತೋರಿಸಿದೆ, ಎಲ್ಲ ಬಿಡಿಸಿ ಹೇಳಿದೆ. ಅಜ್ಜಿ ತಗಡಿನ ಮೇಲೆ ಬೆರಳು ಸವರಿ ನೋಡಿದರು. ಓಲೆಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದರು.

"ಹಾಗಾದರೆ ಇದು ಹೀಗೇ ಇರಲಿ. ನಾನು ಇದನ್ನೇ ಇಟ್ಟುಕೊಳ್ತೇನೆ. ಮೊಮ್ಮಗಳ ಮದುವೆ ಉಂಟಲ್ವಾ, ಅವಳಿಗೆ ಹೀಗೇ ಒಂದು ಜೊತೆ ಹೊಸತು ಮಾಡು. ಅವಸರ ಇಲ್ಲ."

ಆ ಮೂಲೆಯ ಟ್ಯೂಬ್‌ಲೈಟ್ ತೆಗೆಸಿದೆ. ಆಟಿ ಮುಗಿಯುವವರೆಗೆ ದಿನಾ ರಾತ್ರಿ ಬೆಳ್ಳಿ ತಗಡಿನ ಮೇಲೆ ಅಭ್ಯಾಸ ಮಾಡಿದೆ. ಗುಲಗಂಜಿ ತೇದು ಅದರಲ್ಲೇ ಹಸಿರು ಪುಡಿ ಕಲಸಿ ನೋಡಿದೆ. ನನ್ನ ಕೈಗೆ ಅದು ಗೋಂದಿಗಿಂತ ಚೆನ್ನಾಗಿ ಹೊಂದಿಕೊಂಡಿತು. ಓಣಂ ಕಳೆದ ಮೇಲೆ ಚಿನ್ನಕ್ಕೆ ಕೈ ಹಾಕಿದೆ. ಚಿನ್ನದಲ್ಲಿ ಹೊಳಪು ಓಡುವ ಹೊತ್ತು ಬೇರೆ, ಕೆಂಪು ಬೇರೆ, ಅದನ್ನು ಮತ್ತೆ ಮೊದಲಿನಿಂದ ನೋಡಿ ಕಲಿಯಬೇಕಾಯಿತು. ಫೋನ್ ಮಾಡಿದರೆ ಬೆಂಗಳೂರಿನವರು ಈಗಲೂ ಬೇಸರ ಇಲ್ಲದೆ ಹೇಳುತ್ತಾರೆ.

ಜೊತೆಯಲ್ಲಿ ಒಂದು ಓಲೆ ಮುಗಿದಿದೆ. ಎಸಳಿಗೆ ಎರಡು ಸಾಲು, ಎಲ್ಲ ನಿಂತಿವೆ. ಇನ್ನೊಂದಕ್ಕೆ ನಿನ್ನೆ ರಾತ್ರಿ ರವೆ ಮಾಡಿ ತೊಳೆದು ಒಣಗಲು ಇಟ್ಟಿದ್ದೇನೆ. ಇವತ್ತು ಜರಡಿ ಹಿಡಿಯಬೇಕು.